ಇನ್ನೂರು ಚೂರು ಎಳೆಯವನು

ಸಿಡ್ನಿಯ ನಮ್ಮ ಪ್ರಯೋಗಾಲಯದಲ್ಲಿ ಪರಮಾಣು ಗಡಿಯಾರ ಹೊತ್ತು ವಿಮಾನದಲ್ಲಿ ತಿರುಗುವವನನ್ನು ‘ಆಯಾ’ ಎಂದು ಕರೆಯುತ್ತಿದ್ದೆವು. ಆ ಪೆಟ್ಟಿಗೆಗೆ ಪಕ್ಕದ ಸೀಟು, ಬೆಲ್ಟು ಬೇಕು. ಹೊತ್ತಿಗೆ ಸರಿಯಾಗಿ ಬ್ಯಾಟರಿ ಉಣಿಸದಿದ್ದರೆ ನಿಂತೇಬಿಡುತ್ತದೆ. ಮರ್ವಿನ್ ಪಾಸ್ಕೋ ಹನ್ನೊಂದು ವರ್ಷ ಆಯಾ ಆಗಿದ್ದ. ಓಡಾಡುವ ಗಡಿಯಾರ ಮನೆಯಲ್ಲಿ ಕೂತದ್ದಕ್ಕಿಂತ ನಿಧಾನ ನಡೆಯುತ್ತದೆಂದು ನಾವೆಲ್ಲ ಕಾಗದದ ಮೇಲೆ ಬಲ್ಲೆವು. ಅವನು ಮಗ್ಗುಲಲ್ಲೇ ಇಟ್ಟುಕೊಂಡು ಬಲ್ಲವನು.

೧೯೭೪ರಲ್ಲಿ ಅವನು ಪೂರ್ವದಿಕ್ಕಿಗೆ ಹಾರುತ್ತ ಭೂಮಿ ಸುತ್ತಿ ಬರಬೇಕಾಯಿತು. ಹೆಂಡತಿ ಊನಾ ಆಸ್ಪತ್ರೆಯಲ್ಲಿದ್ದಳು. ಇನ್ನೊಂದು ತಿಂಗಳಿಗೆ ಮೋಸವಿಲ್ಲ ಎಂದಿದ್ದರು ಡಾಕ್ಟರು. ಅವಳು ನನ್ನೆದುರೇ ಅವನಿಗೆ ಹೇಳಿದಳು: “ಹೋಗಿ ಬಾರೋ. ನೀ ಎಳೆಯವನಾಗಿ ಬಾ, ನಾ ಮುದುಕಿ ಆಗಿರ್ತೀನಿ.”

ಐದನೆಯ ದಿನ ಮಧ್ಯಾಹ್ನ ಅವನು ಪೆಟ್ಟಿಗೆ ಹಿಡಿದು ಪ್ರಯೋಗಾಲಯದೊಳಗೆ ಬಂದ.

“ಆಸ್ಪತ್ರೆಯಿಂದ ಫೋನ್ ಬಂದಿತ್ತು ಮಾರಾಯ. ಈಗ್ಲೇ ಬರ್ಬೇಕಂತೆ,” ಎಂದೆ. “ಕೊಡು ಇಲ್ಲಿ, ಮನೆ ಗಡಿಯಾರಕ್ಕೆ ನಾ ಜೋಡಿಸ್ತೀನಿ.”

“ಹೊತ್ತು ತಂದವನೇ ಅಳತೆ ತಗೋಬೇಕಲ್ಲ.”

“ನಿನ್ನ ನಿಯಮಕ್ಕೆ ಬೆಂಕಿ ಬೀಳ. ಹೊರಡು.”

“ನಲವತ್ತು ನಿಮಿಷ ಅಷ್ಟೆ,” ಎಂದವನೇ ತಂತಿ ಬಿಚ್ಚತೊಡಗಿದ.

ಕಪಾಳಕ್ಕೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಅಳತೆ ಎಷ್ಟು ಬರುತ್ತದೋ ಎಂಬ ಚಪಲ ನನಗೂ ಇತ್ತು. ಹೇಳಿಕೊಳ್ಳಲು ಈಗ ನಾಚಿಕೆ. ಎತ್ತರದಲ್ಲಿ ಹಾರಿದ್ದಕ್ಕೆ ಗಡಿಯಾರ ಮುಂದೋಡಿದ್ದನ್ನು ಕಳೆದು ನೋಡಿದರೆ, ವೇಗವೊಂದೇ ಸೆಕೆಂಡಿನ ನೂರು ಕೋಟಿ ಚೂರುಗಳಲ್ಲಿ ಇನ್ನೂರನ್ನು ತಿಂದಿತ್ತು. ಲೆಕ್ಕ ಹೇಳಿದಷ್ಟೇ ಬಂದಿತ್ತು. ಮರ್ವಿನ್ ರುಜು ಹಾಕಿದ. ನಾನು ಕಾರು ತೆಗೆದೆ.

ವಾರ್ಡಿನ ಬಾಗಿಲಲ್ಲಿ ನರ್ಸಮ್ಮ ಕೈ ಅಡ್ಡ ಹಿಡಿದಳು. “ಮೂರು ಹತ್ತಕ್ಕೆ ಹೋಗ್ಬಿಟ್ರು. ಈಗಷ್ಟೇ, ಕಾಲು ಗಂಟೆ ಆಯ್ತು.”

ಮರ್ವಿನ್ ಗೋಡೆಯ ಗಡಿಯಾರ ನೋಡಿದ, ತನ್ನ ಕೈಗಡಿಯಾರ ನೋಡಿದ. “ಗೋಡೇದು ನಾಲ್ಕು ನಿಮಿಷ ಹಿಂದಿದೆ. ಮೂರು ಹದಿನಾಲ್ಕು ಅಂತ ಬರ್ಕೊಳ್ಳಿ.”

ಅವಳು ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ಹತ್ತನ್ನು ಹೊಡೆದುಹಾಕಿ ಹದಿನಾಲ್ಕು ಬರೆದಳು.

“ನನ್ನ ಕೇಳಿದ್ಲಾ?” ಎಂದ ಮರ್ವಿನ್.

“ವಿಮಾನ ಇಳೀತಾ ಅಂತ ಕೇಳಿದ್ರು. ವಿಚಾರಿಸಿ, ಇಳಿದು ಗಂಟೆ ಮೇಲಾಯ್ತಂತೆ ಅಂದೆ.”

“ಅದಕ್ಕೇನಂದ್ಲು?”

“ಹಾಗಾದ್ರೆ ಪೆಟ್ಟಿಗೆ ಜೋಡಿಸ್ತಿರ್ತಾನೆ, ಇನ್ನೊಂದ್ಸಲ ಫೋನ್ ಮಾಡಿ ಅವಸರ ಮಾಡ್ಬೇಡಿ ಅಂದ್ರು. ಅದಕ್ಕೇ ನಾನು ಮಾಡ್ಲಿಲ್ಲ.”

ಮರ್ವಿನ್ “ಸರಿ” ಎಂದ. ಒಳಗೆ ಹೋಗಲು ಅವಳು ದಾರಿ ಬಿಟ್ಟಳು. ಅವನು ನಿಂತಲ್ಲೇ ನಿಂತಿದ್ದ.