ಶಂಭುಲಿಂಗಯ್ಯನವರು ಲ್ಯಾಪ್‌ಟಾಪ್ ಆರಿಸಿದ್ದು

ಶಂಭುಲಿಂಗಯ್ಯನವರಿಗೆ ಜೀವನದಲ್ಲಿ ಒಂದೇ ಒಂದು ಸಲ ಕಾದದ್ದರಿಂದ ಲಾಭವಾಗಿತ್ತು. ಅಲ್ಲಿಂದಲೇ ಅವರು ಕೆಟ್ಟರು.

ಆ ವರ್ಷ ಬೆಲೆ ಬಿದ್ದೀತೆಂಬ ಹೆದರಿಕೆಗೆ ಊರಿನವರೆಲ್ಲ ಅಟ್ಟ ಖಾಲಿ ಮಾಡಿ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಸಾಗಿಸಿದ್ದರು. ಇವರ ಅಟ್ಟದ ಕಾಯಿ ಮಾತ್ರ ಅಲುಗಲಿಲ್ಲ. ಅದು ಜಾಣತನವೇನೂ ಅಲ್ಲ. ಸೊಂಟ ಹಿಡಿದುಕೊಂಡು ಏಣಿ ಹತ್ತಲಾಗದೆ ಮಲಗಿದ್ದರು, ಅಷ್ಟೆ. ಸೊಂಟ ಸರಿಹೋಗುವ ಹೊತ್ತಿಗೆ ಬೆಲೆ ಏರಿ ಕೂತಿತ್ತು. ‘ಶಂಭುಲಿಂಗಯ್ಯ ಎಂಥಾ ಲೆಕ್ಕಾಚಾರದ ಮನುಷ್ಯ ಕಣಪ್ಪಾ’ ಎಂದು ಊರೇ ಬೆರಗಾಯಿತು. ಊರು ಹೇಳಿದ ಮೇಲೆ ಅವರೂ ನಂಬಿದರು. ಸೊಂಟದ ವಿಷಯ ಗೊತ್ತಿದ್ದದ್ದು ಹೆಂಡತಿ ಶಾಂತಕುಮಾರಿಯವರಿಗೆ ಮಾತ್ರ. ಎಣ್ಣೆ ತಿಕ್ಕಿದವರು ಅವರೇ ಅಲ್ಲವೇ.

ಅಂದಿನಿಂದ ಕಾಯುವುದೇ ಅವರ ಕಸುಬಾಯಿತು. ಕಾಯಿಯ ಮಟ್ಟಿಗೆ ಅದು ತಪ್ಪೂ ಅಲ್ಲ. ಕೊಯ್ದ ಕಾಯಿ ಹೆಚ್ಚು ಕಡಿಮೆ ವರ್ಷವಿಡೀ ಅಟ್ಟದ ಮೇಲೆ ಕೂತು, ಒಳಗಿನ ನೀರು ಇಂಗಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಚಿಪ್ಪು ಬಿಟ್ಟ ತಿರುಳಿನ ಗಿಟುಕು ಗಟಗಟ ಎನ್ನಬೇಕು. ಆಗಲೇ ಅದು ಕೊಬ್ಬರಿ. ಆತುರ ಪಟ್ಟವನಿಗೆ ಸಿಕ್ಕುವುದು ಹಸಿಕಾಯಿ. ಆದರೆ ಶಂಭುಲಿಂಗಯ್ಯನವರು ಪ್ರಪಂಚದಲ್ಲಿರುವ ಸಕಲ ವಸ್ತುಗಳೂ ಅಟ್ಟದ ಮೇಲಿನ ಕಾಯಿಗಳೇ ಎಂದು ತಿಳಿದರು. ಬಟ್ಟೆ ಒಗೆಯುವ ಮಿಷನ್ನು ಬೇಕೆಂದು ಶಾಂತಕುಮಾರಿಯವರು ಕೇಳಿದಾಗ, ಬರೋ ವರ್ಷದ ಮಿಷನ್ನು ತಾನೇ ಹಿಂಡಿ ಒಣಗಿಸಿಯೂ ಕೊಡ್ತದಂತೆ ಎಂದಿದ್ದರು. ಆ ಬರೋ ವರ್ಷ ಎಷ್ಟೋ ಸಲ ಬಂದು ಹೋಯಿತು. ಶಾಂತಕುಮಾರಿಯವರು ಇವತ್ತಿಗೂ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಾರೆ. ಗಂಡನ ಅಂಗಿಯನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಾರೆ.

ಇಂಥವರು ಊರಿನ ತೆಂಗು ಬೆಳೆಗಾರರ ಕಂಪನಿಗೆ ಅಧ್ಯಕ್ಷರಾದರು. ಮನೆಮನೆಗೆ ತಿರುಗಿ, ಜನರನ್ನು ಒಪ್ಪಿಸಿ, ಷೇರು ಸೇರಿಸಿದವರು ಅವರೇ. ನಮ್ಮ ಕೊಬ್ಬರಿಯನ್ನು ಮಂಡಿ ವರ್ತಕರ ಹಂಗಿಲ್ಲದೆ ನಾವೇ ಮಾರಬೇಕು ಎಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು. ಅದರಲ್ಲಿ ಸುಳ್ಳಿರಲಿಲ್ಲ. ಹಾಲಿನ ಡೈರಿಯ ಪಕ್ಕದ ತಾರಸಿ ಕೋಣೆಯೇ ಆಫೀಸು. ಅದಕ್ಕೆ ಕಾರ್ಯದರ್ಶಿ ನಯನ. ಊರಿನ ಸೊಸೆ, ಬಿ.ಕಾಂ. ಓದಿದವಳು, ಗಂಡ ಕಲ್ಲೇಶನಿಗೆ ತೋಟದ ಕೆಲಸ. ಅತ್ತೆ ನಿಂಗಮ್ಮ ಸೊಸೆಗೆ ಒಂದು ಗಡುವು ಕೊಟ್ಟಿದ್ದರು. “ದೀಪಾವಳಿಗಂಟ ನೋಡು. ನಿಮ್ ಕಂಪ್ನಿ ಒಂದು ಲೋಡಾದ್ರೂ ಮಾರುದ್ರೆ ಸರಿ. ಇಲ್ದಿದ್ರೆ ಇನ್ನೆಲ್ಡು ಹಸ ಕಟ್ಟನ, ಮನೇಲಿರು.”

ನಯನಳ ಅದೃಷ್ಟಕ್ಕೆ ಅಂಥದೊಂದು ಅವಕಾಶ ಬಂತು. ದಿಲ್ಲಿ ಕಡೆಯ ಮಿಠಾಯಿ ತಯಾರಕರೊಬ್ಬರು ಹಬ್ಬಕ್ಕೆ ನೇರವಾಗಿ ಕೊಬ್ಬರಿ ಕೊಳ್ಳಲು ಒಪ್ಪಿದರು. ಯಾವ ತೋಟದ್ದು, ಗಾತ್ರವೆಷ್ಟು, ಒಣಗಿದ್ದು ಹೇಗೆ, ಎಲ್ಲವನ್ನೂ ಫೋಟೋ ಸಮೇತ ಗಡುವಿನೊಳಗೆ ಅವರ ವೆಬ್‌ಸೈಟಿಗೆ ಏರಿಸಬೇಕು. ಫೋನಿನಲ್ಲಿ ಅದು ಅರ್ಧ ತುಂಬುವಷ್ಟರಲ್ಲಿ ಅಳಿಸಿ ಹೋಗಿ ಮತ್ತೆ ಮೊದಲಿನಿಂದ ಶುರುಮಾಡು ಎನ್ನುತ್ತಿತ್ತು. ಪಾಪ ನಯನ ಬಸ್ಸು ಹಿಡಿದು ತಿಪಟೂರಿಗೆ ಹೋಗಿ, ಕಂಪ್ಯೂಟರ್ ರಿಪೇರಿ ಮಾಡುವ ಮುಜಮ್ಮಿಲ್‌ನ ಅಂಗಡಿಯ ಮೂಲೆಯಲ್ಲಿ ಕೂತು ಕೆಲಸ ಮಾಡಿ ಬರುತ್ತಿದ್ದಳು. ಸಭೆಯಲ್ಲಿ ಒಂದು ಲ್ಯಾಪ್‌ಟಾಪ್ ಬೇಕೆಂದು ಕೇಳಿದಳು. ನಿರ್ದೇಶಕರು ಒಂದೇ ಮಾತಿಗೆ ಒಪ್ಪಿದರು.

ಅಲ್ಲಿಗೇ ನಿಲ್ಲಿಸಿದ್ದರೆ ಸಾಕಿತ್ತು. ಲಕ್ಷ್ಮಯ್ಯ ಎಂಬ ನಿರ್ದೇಶಕರು ಬಾಯಿ ಹಾಕಿದರು. “ಆರ್ಸಾದು ಮಾತ್ರ ಅಧ್ಯಕ್ಷರಿಗೇ ಬುಡನ. ಅವ್ರು ಯಾವತ್ತೂ ಮೋಸ ಹೋದೋರಲ್ಲ.”

ಏನನ್ನೂ ಕೊಳ್ಳದವನು ಮೋಸ ಹೋಗುವುದಾದರೂ ಹೇಗೆ? ಅದು ಯಾರ ತಲೆಗೂ ಹೊಳೆಯಲಿಲ್ಲ.

ಶಂಭುಲಿಂಗಯ್ಯನವರು ಅಂದಿನಿಂದಲೇ ಫೋನಿನಲ್ಲಿ ವಿಡಿಯೋ ನೋಡುವುದಕ್ಕೆ ಕೂತರು. ಅಂಗಡಿಯಲ್ಲಿ ಇದ್ದ ಮಾಡೆಲ್ಲುಗಳತ್ತ ಅವರು ತಿರುಗಿಯೂ ನೋಡಲಿಲ್ಲ. “ಅಂಗ್ಡೀಲಿ ಐತೆ ಅಂದ್ರೆ ಯಾರೂ ತಗಳ್ದೆ ಮಿಕ್ಕಿದ್ದು ಅಂತ ತಾನೆ?” ಎಂಬುದು ಅವರ ವಾದ. ಅವರು ಹೋಲಿಸುತ್ತಿದ್ದದ್ದು ಇನ್ನೂ ಬರಬೇಕಾದವುಗಳನ್ನು. ಹುಟ್ಟದ ಕೂಸಿಗೆ ಕುಲಾವಿ ಹೊಲಿಸಿದ ಹಾಗೆ. ಮೂರು ಕಂಪನಿಗಳ ಮೂರು ಬಿಸಿನೆಸ್ ಲ್ಯಾಪ್‌ಟಾಪುಗಳು ಮುಂದಿನ ತಿಂಗಳುಗಳಲ್ಲಿ ಬರುವುದಿತ್ತು. ಅವುಗಳ ಇಂಗ್ಲಿಷ್ ಹೆಸರು, ನಂಬರುಗಳು ನಾಲಿಗೆಗೆ ಸಿಗಲಿಲ್ಲವಾಗಿ ಎತ್ತಿಗೆ ಇಡುವಂತೆ ಬಣ್ಣ ನೋಡಿ ಕರಿಯ, ಬೂದಿ, ಬಿಳಿಯ ಎಂದು ಹೆಸರಿಟ್ಟರು. ಕರಿಯನಿಗೆ ಬ್ಯಾಟರಿ ಜಾಸ್ತಿ, ತೂಕವೂ ಜಾಸ್ತಿ. ಬೂದಿ ಹಗುರ, ಆದರೆ ಮೆಮೊರಿ ಆಮೇಲೆ ಹೆಚ್ಚಿಸಲಿಕ್ಕಾಗದು. ಬಿಳಿಯನಿಗೆ ಹೊಸ ತಲೆಮಾರಿನ ಪ್ರೊಸೆಸರು, ಜೊತೆಗೆ ತಾನೇ ಯೋಚನೆ ಮಾಡುವ ಬುದ್ಧಿಯಂತೆ. ಈ ಕೊನೆಯದು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಕಂಪನಿಯಲ್ಲಿ ಯೋಚನೆ ಮಾಡಲು ಅಧ್ಯಕ್ಷರಿದ್ದಾರಲ್ಲ.

ಸಂಜೆ ಡೈರಿಗೆ ಹಾಲು ತಂದವರೆಲ್ಲ ಆಫೀಸಿನ ಮುಂದೆ ಸೇರಿ ಚರ್ಚೆಗೆ ನಿಂತರು. ಆ ಮೂರರಲ್ಲಿ ಒಂದನ್ನೂ ಒಬ್ಬರೂ ಕಂಡಿರಲಿಲ್ಲ, ಆದ್ದರಿಂದ ಎಲ್ಲರಿಗೂ ಅಭಿಪ್ರಾಯವಿತ್ತು. ದೊಡ್ಡಣ್ಣ ಎಂಬ ಇನ್ನೊಬ್ಬ ನಿರ್ದೇಶಕರಿಗೆ ಹೆಸರಿನ ಮೇಲೇ ತಕರಾರು. “ಬಿಸಿನೆಸ್ ಲ್ಯಾಪ್‌ಟಾಪು ಅಂದ್ರೆ ಮಂಡಿಯೋರಿಗೆ ಮಾಡಿರಾದು ಕಣಪ್ಪ. ನಾವು ಅವ್ರಿಂದ ತಪ್ಪಿಸ್ಕಳಕ್ಕೆ ತಾನೆ ಕಂಪ್ನಿ ಕಟ್ಟಿದ್ದು? ಬ್ಯಾಸಾಯದ್ದು ಇದ್ರೆ ನೋಡು.”

“ಬ್ಯಾಸಾಯದ್ದು ಇನ್ನೂ ಬಂದಿಲ್ಲ ಕಣೋ. ಇದು ಮಿಲಿಟ್ರಿ ಪರೀಕ್ಷೆ ಪಾಸಾಗಿರೋದು. ಮೇಲಿಂದ ಕೆಳಿಕ್ ಬಿದ್ರೂ ಏನೂ ಆಗಲ್ವಂತೆ,” ಎಂದರು ಶಂಭುಲಿಂಗಯ್ಯನವರು.

“ಅದು ಬೀಳಾದಿರ್ಲಿ. ಅದ್ರ ಮ್ಯಾಲೆ ಕಾಯಿ ಬಿದ್ರೆ?”

ಸಭೆ ತಲೆದೂಗಿತು. ನಿಜವೇ. ನಮ್ಮ ಸೀಮೆಯಲ್ಲಿ ವಸ್ತುಗಳು ಬೀಳುವುದು ಕಡಿಮೆ, ವಸ್ತುಗಳ ಮೇಲೆ ಬೀಳುವುದೇ ಹೆಚ್ಚು. ವಿಡಿಯೋದವರು ಧೂಳು, ಚಳಿ, ಚೆಲ್ಲಿದ ಕಾಫಿ ಎಲ್ಲ ಹೇಳಿದ್ದರು, ತೆಂಗಿನಕಾಯಿಯ ಬಗ್ಗೆ ಒಬ್ಬನೂ ಸೊಲ್ಲೆತ್ತಿರಲಿಲ್ಲ.

“ಮಾವ, ನಾನೇನು ಮರದ ಕೆಳ್ಗೆ ಕೂತ್ಕಂಡು ಕೆಲ್ಸ ಮಾಡ್ತೀನಾ? ಆಫೀಸಿಗೆ ತಾರಸಿ ಐತಲ್ಲ,” ಎಂದಳು ನಯನ.

ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ. ಮಾರನೆಯ ದಿನ ಅಧ್ಯಕ್ಷರೂ ನಿರ್ದೇಶಕರಿಬ್ಬರೂ ಸಿಪ್ಪೆ ಸಮೇತ ಒಂದು ಕಾಯಿ ಹಿಡಿದು ಮುಜಮ್ಮಿಲ್‌ನ ಅಂಗಡಿಗೆ ಹೋದರು. ನಯನ ಅಲ್ಲಿಯೇ ಮೂಲೆಯಲ್ಲಿ ಕೂತು ಫೋಟೋ ಏರಿಸುತ್ತಿದ್ದಳು. ಮುಜಮ್ಮಿಲ್ ಮೊದಲು ನಕ್ಕ, ಆಮೇಲೆ ಇವರು ನಗದಿದ್ದದ್ದನ್ನು ಕಂಡು, ಗುಜರಿಗೆ ಹಾಕಲು ಇಟ್ಟಿದ್ದ ಸತ್ತ ಲ್ಯಾಪ್‌ಟಾಪೊಂದನ್ನು ತಂದು ನೆಲದ ಮೇಲಿಟ್ಟ. ದೊಡ್ಡಣ್ಣ ಸ್ಟೂಲು ಹತ್ತಿ ಕಾಯಿ ಬಿಟ್ಟರು. ಲ್ಯಾಪ್‌ಟಾಪು ಪುಡಿಪುಡಿ. ಕಾಯಿ ಹೊಸಿಲು ದಾಟಿ ರಸ್ತೆಗೆ ಉರುಳಿತು.

ಶಂಭುಲಿಂಗಯ್ಯನವರು ಗೆದ್ದವರಂತೆ ಎಲ್ಲರ ಮುಖ ನೋಡಿದರು. “ಕಂಡ್ರಾ? ಆತ್ರ ಬಿದ್ದು ಇದ್ನೇ ತಗಂಡಿದ್ರೆ ನಮ್ ಗತಿ?”

“ಅಧ್ಯಕ್ಷರೇ,” ಎಂದ ಮುಜಮ್ಮಿಲ್, “ಇದು ಹಳೇ ಮಾಲು, ಸತ್ತೋಗಿ ಜಮಾನ ಆಯ್ತು. ಒಳ್ಳೇ ಸೆಕೆಂಡ್ ಹ್ಯಾಂಡ್ ಒಂದೈತೆ ನೋಡಿ. ನಯನಕ್ಕ ಈಗ ಕೆಲ್ಸ ಮಾಡ್ತಾ ಇರೋದು ಅದ್ರಲ್ಲೇ. ತಗಂಡೋಗಿ. ನಿಮ್ ಹೊಸಾದು ಬಂದಾಗ ವಾಪಸ್ ಕೊಡಿ.”

“ಬ್ಯಾಡಪ್ಪ. ಬೇರೆಯೋರು ಬುಟ್ಟಿದ್ದು ನಮಗ್ಯಾಕೆ?”

ನಯನ ಬೆರಳು ನಿಲ್ಲಿಸಿ ತಿರುಗಿದಳು. “ಮಾವ, ಮುಂದಿನ ವಾರ ಇವ್ರ ಮನೇಲಿ ಮದುವೆ. ಎಲ್ರೂ ಚಿಕ್ಕನಾಯಕನಹಳ್ಳಿಗೆ ಹೋಗ್ತಾರೆ, ಅಂಗಡಿ ಬಾಗಿಲು ಹಾಕಿರ್ತಾರೆ. ನಮ್ಮ ಗಡುವು ಮುಗಿಯೋದೂ ಅದೇ ವಾರ. ಇನ್ನೂ ಅರ್ಧ ತೋಟದ್ದು ಹಾಕ್ಬೇಕು.”

“ಅಷ್ಟ್ರಲ್ಲಿ ಕರಿಯ ಬಂದೇ ಬತ್ತಾನೆ ಬುಡಮ್ಮ. ವಿಡಿಯೋದಲ್ಲೇ ಹೇಳವ್ರೆ. ತಾಳಿದವನು ಬಾಳಿಯಾನು.”

ಮುಂದಿನ ವಾರ ಕರಿಯ ಬರಲಿಲ್ಲ. ಬಿಡುಗಡೆ ಮುಂದಕ್ಕೆ ಹೋಗಿದೆ ಎಂಬ ಸುದ್ದಿ ಬಂತು. ಮುಂದಕ್ಕೆ ಹೋದದ್ದೂ ಒಳ್ಳೆಯದೇ, ಇನ್ನೂ ಏನೋ ಸುಧಾರಿಸುತ್ತಿದ್ದಾರೆ ಎಂದು ಶಂಭುಲಿಂಗಯ್ಯನವರು ಖುಷಿಯಾಗಿಯೇ ಇದ್ದರು. ನಯನ ತಿಪಟೂರಿನ ಬೀದಿ ಬೀದಿ ಅಲೆದಳು. ಒಂದು ಅಂಗಡಿಯವರು ಕರೆಂಟಿಲ್ಲ ಎಂದರು, ಇನ್ನೊಂದರಲ್ಲಿ ಅರ್ಜಿ ತುಂಬಿಸುವವರ ಸಾಲು ರಸ್ತೆಯವರೆಗೆ ಬಂದಿತ್ತು. ಆ ಸಾಲಿನಲ್ಲಿ ನಿಂತು ಒಳಗೆ ಹೋಗಿ ಕೂರುವ ಹೊತ್ತಿಗೆ ವೆಬ್‌ಸೈಟು ಮುಚ್ಚಿತ್ತು. ಅರ್ಧ ಊರಿನ ಕೊಬ್ಬರಿ ಏರಿತ್ತು, ಅರ್ಧದ್ದು ಏರಿರಲಿಲ್ಲ. ಅರ್ಧ ಲೋಡಿಗಾಗಿ ದಿಲ್ಲಿಯಿಂದ ಯಾರೂ ಬರುವುದಿಲ್ಲ. ಮಿಠಾಯಿಯವರು ತುರುವೇಕೆರೆ ಕಡೆಯ ಬೆಳೆಗಾರರ ಕಂಪನಿಯಿಂದ ಕೊಂಡರು.

ಊರಿನವರು ಆ ಸಲವೂ ಮಂಡಿಗೇ ಹೋಗಿ ಸಿಕ್ಕ ಬೆಲೆಗೆ ಮಾರಿದರು. ಆಗಲೂ ಅಧ್ಯಕ್ಷರು ನಯನಳಿಗೆ ಸಮಾಧಾನ ಹೇಳಿದರು: “ಹೋಗ್ಲಿ ಬುಡಮ್ಮ. ಬರೋ ವರ್ಷ ಇದ್ಕಿಂತ ದೊಡ್ಡ ಪಾರ್ಟಿ ಬತ್ತದೆ.” ನಯನ ಆಫೀಸಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಮನೆಗೆ ಹೋದಳು. ಬಸ್ಸಿಗೆ ಓಡಿ ಓಡಿ ಸಾಕಾಗಿದೆ, ಎರಡು ದಿನ ಮಲಗಿದರೆ ಸರಿಹೋಗುತ್ತಾಳೆ ಎಂದುಕೊಂಡರು ಅವರು.

ದೀಪಾವಳಿ ಮುಗಿದ ಮೇಲೆ ಕರಿಯ ಬಂದ. ಶಂಭುಲಿಂಗಯ್ಯನವರು ಅಳೆದು ಸುರಿದು, ಬೂದಿಯನ್ನೂ ಬಿಳಿಯನನ್ನೂ ಕೈಬಿಟ್ಟು, ಕೊನೆಗೂ ತೀರ್ಮಾನಕ್ಕೆ ಬಂದರು. ಅವರ ಬದುಕಿನಲ್ಲಿ ಅದೊಂದು ದೊಡ್ಡ ದಿನ. ಬೆಳಿಗ್ಗೆ ಎದ್ದವರೇ ಮೊದಲು ನಯನಳಿಗೆ ಹೇಳಬೇಕೆಂದು ಕಲ್ಲೇಶನ ಮನೆಗೆ ಹೋದರೆ, ನಿಂಗಮ್ಮ ಹಟ್ಟಿಯೊಳಗಿಂದ ತಲೆಯೆತ್ತದೆ, “ಕ್ರಾಸಿಗೆ ಹೋದ್ಲು,” ಎಂದರು. ಕಿಬ್ಬನಹಳ್ಳಿ ಕ್ರಾಸಿನವರೆಗೆ ಸ್ಕೂಟರ್ ಓಡಿಸಿದರು. ನಯನ ಊಟದ ಚೀಲ ಹಿಡಿದು ತುರುವೇಕೆರೆಯ ಬಸ್ಸಿಗೆ ನಿಂತಿದ್ದಳು.

“ಕರಿಯ ಬಂದ ಕಣಮ್ಮ! ಅದೇ ಅಂತ ತೀರ್ಮಾನ ಮಾಡ್ಬುಟ್ಟೆ. ನಾಳೆನೇ ತರ್ಸನ!”

ಅವಳು ಅವರ ಮುಖವನ್ನೇ ನೋಡಿದಳು. ಸಿಟ್ಟಿದ್ದಿದ್ದರೆ ಅವರಿಗೆ ಸುಲಭವಾಗುತ್ತಿತ್ತು, ಅದಿರಲಿಲ್ಲ.

“ಯಾರಿಗೆ ಮಾವ?” ಎಂದಳು. ಆಮೇಲೆ ತಾನೇ ಹೇಳಿದಳು. “ತುರುವೇಕೆರೆ ಕಂಪ್ನಿಯೋರು ಕರುದ್ರು. ಅವ್ರು ಲೋಡು ಮಾರವ್ರೆ ಅಂತ ಅತ್ತೆನೂ ಒಪ್ಪುದ್ರು. ನಾನು ಅರ್ಧ ಹಾಕಿದ್ನಲ್ಲ, ಅದ್ನ ಮಿಠಾಯಿಯೋರೇ ಅವ್ರಿಗೆ ತೋರ್ಸಿ, ಹಿಂಗ್ ಮಾಡಿ ಅಂದ್ರಂತೆ. ಹೋದ್ ದಿನಾನೇ ಒಂದು ಲ್ಯಾಪ್‌ಟಾಪ್ ಕೊಟ್ರು. ಹಳೇದು. ಎರಡು ಕೀ ಕಿತ್ತೋಗೈತೆ. ನಡೀತದೆ.”

ಬಸ್ಸು ಬಂತು, ಅವಳು ಹತ್ತಿದಳು. ಶಂಭುಲಿಂಗಯ್ಯನವರಿಗೆ ತಾವು ಷೇರು ಕೇಳುತ್ತಾ ಮನೆಮನೆ ತಿರುಗಿದ್ದು, ಈ ಹುಡುಗಿ ಬಿಸಿಲಲ್ಲಿ ಒಂದೊಂದೇ ಅಟ್ಟ ಹತ್ತಿ ಕಾಯಿಯ ಫೋಟೋ ತೆಗೆದದ್ದು, ಎಲ್ಲವೂ ನೆನಪಾಗಿ ನಾಚಿಕೆಯಾಯಿತು. ತಪ್ಪು ತಮ್ಮದೇ ಎಂದು ಅವರಿಗೆ ಅರ್ಥವಾಯಿತು. ತಡವಾಗಿ ಅರ್ಥವಾದರೂ ಚೆನ್ನಾಗಿಯೇ ಅರ್ಥವಾಯಿತು. ಮನೆಗೆ ಬಂದು ಶಾಂತಕುಮಾರಿಯವರ ಮುಂದೆ, “ನಂದೇ ತಪ್ಪು ಕಣೇ,” ಎಂದೂ ಹೇಳಿದರು. ಆ ಮಾತನ್ನು ಮದುವೆಯಾದಂದಿನಿಂದ ಕೇಳದ ಶಾಂತಕುಮಾರಿಯವರು ಗಾಬರಿಯಾಗಿ ಹಣೆ ಮುಟ್ಟಿ ನೋಡಿದರು.

ಕರಿಯ ಬಂದು ಆಫೀಸಿನ ಮೇಜಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯಲ್ಲೇ ಕೂತ. ಗುಂಡಿ ಒತ್ತುವವರು ಬೇಕಲ್ಲ. ಹೊಸ ಕಾರ್ಯದರ್ಶಿ ಬೇಕೆಂದು ಊರೂರಿಗೆ ಹೇಳಿ ಕಳಿಸಿದರು. ಬಂದದ್ದು ಒಬ್ಬಳೇ. ಮುಜಮ್ಮಿಲ್‌ನ ತಂಗಿ ಸಾಬಿರಾ. ಅಣ್ಣನ ಅಂಗಡಿಯ ಬಿಲ್ಲು ತೆರಿಗೆಯ ಕೆಲಸವನ್ನೆಲ್ಲ ಮಾಡುತ್ತಿದ್ದವಳು. ಪ್ಲಾಸ್ಟಿಕ್ ಬಿಚ್ಚಿ, ಕರಿಯನನ್ನು ಎಬ್ಬಿಸಿ, ನಿರ್ದೇಶಕರು ಚಹ ಕುಡಿದು ಮುಗಿಸುವುದರೊಳಗೆ ಮಿಠಾಯಿಯವರ ವೆಬ್‌ಸೈಟು ತೆರೆದು ನಯನ ಅರ್ಧಕ್ಕೆ ಬಿಟ್ಟಿದ್ದ ಕೆಲಸವನ್ನು ತೋರಿಸಿದಳು. “ಇದನ್ನ ಮುಂದುವರಿಸ್ಬೋದು ಸರ್. ಸಂಕ್ರಾಂತಿಗೆ ಇನ್ನೊಂದ್ಸಲ ಕೊಳ್ತಾರಂತೆ. ನಾಳೆಯಿಂದ ಬರ್ಲಾ?”

ದೊಡ್ಡಣ್ಣ, ಲಕ್ಷ್ಮಯ್ಯ ಇಬ್ಬರೂ ಅಧ್ಯಕ್ಷರ ಬಾಯಿ ನೋಡಿದರು. ಬಾರಮ್ಮ ಎನ್ನಬೇಕೆಂದೇ ಶಂಭುಲಿಂಗಯ್ಯನವರು ಬಾಯಿ ತೆರೆದರು. ದೇವರಾಣೆಗೂ ಅದನ್ನೇ ಹೇಳಬೇಕೆಂದಿದ್ದರು.

“ಒಳ್ಳೇದಮ್ಮ,” ಎಂದರು. “ಇನ್ನೊಂದಿಬ್ರು ಬರೋರವ್ರೆ. ಅವ್ರನ್ನೂ ನೋಡಿ ಹೇಳ್ತೀವಿ.”

ಸಾಬಿರಾ ಆಯ್ತು ಸರ್ ಎಂದು ಕರಿಯನನ್ನು ಮುಚ್ಚಿ, ಬ್ಯಾಗು ಎತ್ತಿಕೊಂಡು ಹೋದಳು. ಬರುವವರು ಯಾರೂ ಇರಲಿಲ್ಲ. ಅದು ಶಂಭುಲಿಂಗಯ್ಯನವರಿಗೂ ಗೊತ್ತಿತ್ತು.