ಐದು ಐದುಗಳ ನಂತರದ ಏಳು

ಬೀಗ ರಿಪೇರಿಯವನು ಬೆಳಿಗ್ಗೆ ಎದ್ದವನೇ ನೀರಿನ ಲೋಟ ಮುಂದಿಟ್ಟುಕೊಂಡು ಕೂರುತ್ತಿದ್ದ. ಎಡಗಾಲು ನಾಲ್ಕು ಎಣಿಕೆಗೊಮ್ಮೆ ನೆಲ ಮುಟ್ಟಬೇಕು, ಬಲಗೈ ಬೆರಳು ಏಳು ಎಣಿಕೆಗೊಮ್ಮೆ ಲೋಟ ಮುಟ್ಟಬೇಕು. ಇಪ್ಪತ್ತೆಂಟು ಕಳೆದಾಗ ಎರಡೂ ಒಟ್ಟಿಗೆ ಬೀಳುತ್ತವೆ. ಬಿದ್ದ ಮೇಲೆಯೇ ನೀರು. ಜ್ವರ ಬಂದ ದಿನವೂ ತಪ್ಪಿಸಿದವನಲ್ಲ.

"ನೀರು ಕುಡಿಯೋಕೂ ಇವರಿಗೆ ಗಣಿತ ಬೇಕು" ಎಂದು ಹೆಂಡತಿ ಗೊಣಗುತ್ತಿದ್ದಳು. ಆದರೆ ನಡುವೆ ಮಾತಾಡಿಸುತ್ತಿರಲಿಲ್ಲ.

ಹಗಲು ಬೀಗ, ಸಂಜೆ ಡ್ರಮ್ಸ್. ಅಕ್ಕನ ಮಗಳು ಗಿಟಾರ್ ನುಡಿಸುವ ಪ್ರೊಗ್ರೆಸಿವ್ ಮೆಟಲ್ ಬ್ಯಾಂಡಿನಲ್ಲಿ ಅವನೇ ಹಿರಿಯ. ಉಳಿದವರಿಗೆ ಅವನ ಅರ್ಧ ವಯಸ್ಸು. ಅದು ಬರೀ ಗದ್ದಲ ಎಂದವರಿಗೆ, "ಗದ್ದಲ ಹೊರಗಡೆ. ಒಳಗೆಲ್ಲ ಎಣಿಕೆ" ಎನ್ನುತ್ತಿದ್ದ.

ಅವಳು ಮೊದಲ ಬಾರಿ ಸ್ವಂತವಾಗಿ ಕಟ್ಟಿದ ಹಾಡಿನ ನಡುವೆ ಒಂದು ಜಾಗವಿತ್ತು. ಗಿಟಾರ್ ಐದೈದರ ಐದು ಗುಂಪು ನುಡಿಸಿ, ಕೊನೆಗೆ ಏಳರದೊಂದು ಸೇರಿಸಿ, ಮೂವತ್ತೆರಡಕ್ಕೆ ಮುಗಿಸುತ್ತದೆ. ಅವನ ಕಾಲು ಗಿಟಾರಿನ ಜೊತೆ ಹೋಗಬೇಕು, ಕೈ ಮಾತ್ರ ಸಿಂಬಲ್ ತಟ್ಟೆಯ ಮೇಲೆ ನಾಲ್ಕು ನಾಲ್ಕಾಗಿಯೇ ನಡೆಯಬೇಕು. ಹೋದ ತಿಂಗಳ ಕಾರ್ಯಕ್ರಮದಲ್ಲಿ ಏಳು ಬರಬೇಕಾದ ಕಡೆ ಕಾಲು ಮತ್ತೊಂದು ಐದು ಹೊಡೆಯಿತು. ಎರಡೇ ಎಣಿಕೆ ಮೊದಲು ಮುಗಿಸಿದ. ಕಾಲಿನ ಹಿಂದೆ ಕೈಯೂ ಓಡಿತು. ತುಂಬಿದ ಸಭೆಯ ಮುಂದೆ ಒಬ್ಬೊಬ್ಬರಾಗಿ ಎಲ್ಲರೂ ನುಡಿಸುವುದನ್ನು ನಿಲ್ಲಿಸಿದರು.

ಅವಳು ಬೈಯಲಿಲ್ಲ. "ಇನ್ನೊಂದ್ಸಲ ಬಿದ್ರೆ ಈ ಹಾಡನ್ನ ಬಿಟ್ಬಿಡ್ತೀನಿ ಮಾವ. ನಂಗೆ ಕಟ್ಟೋಕೆ ಬರಲ್ಲ ಅಂತ್ಲೇ ಅರ್ಥ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅವನ ಎದೆಯಲ್ಲಿ ಭಯ ಬಿಡಾರ ಹೂಡಿತು. ಅರದಿಂದ ಕೀಲಿ ಉಜ್ಜುತ್ತಾ ಐದನೆಯ ಹಲ್ಲಿಗೆ ಬಂದರೆ ಕೈ ನಿಂತುಬಿಡುತ್ತಿತ್ತು. ಮೆಟ್ಟಿಲಿನ ಮೇಲೆ ಐದು ಹತ್ತಿ, ಆರನೆಯದು ಇದೆಯೋ ಇಲ್ಲವೋ ಎಂದು ಕಾಲಿನಿಂದ ತಡವುತ್ತಿದ್ದ. ದೇವರ ಮುಂದೆ ಕೈ ಮುಗಿದರೂ ನಾಲಿಗೆ ಎಣಿಸುತ್ತಿತ್ತೇ ಹೊರತು ಬೇಡುತ್ತಿರಲಿಲ್ಲ.

ಮತ್ತೆ ಆ ಹಾಡಿನ ದಿನ ಬಂತು. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ಮೈಕುಗಳನ್ನು ಪರೀಕ್ಷಿಸುತ್ತಿದ್ದ ಸೌಂಡಿನವನು ಅವನ ಬಳಿ ಬಗ್ಗಿದ.

"ಕೋಲು ಕೈಯಲ್ಲಿದ್ಯೋ, ಕೈ ಕೋಲಾಗಿದ್ಯೋ ಅಣ್ಣ? ತಗೊಳ್ಳಿ, ಈ ಇಯರ್‌ಫೋನ್ ಕಿವಿಗೆ ಹಾಕ್ಕೊಳ್ಳಿ. ಇಡೀ ಹಾಡಿನ ಎಣಿಕೆ ರೆಕಾರ್ಡ್ ಮಾಡಿಟ್ಟಿದೀನಿ. ಯಾರಿಗೂ ಗೊತ್ತಾಗಲ್ಲ."

ಹಾಕಿಕೊಂಡು ಅವಳ ಗಿಟಾರಿನ ಜೊತೆ ನುಡಿಸಿದ. ಐದುಗಳು ಸರಿಯಾಗಿ ಬಂದವು, ಏಳೂ ಬಂತು. ಆದರೆ ಆ ಏಳರ ಕೊನೆಯ ಸ್ವರವನ್ನು ಅವಳು ಯಾವಾಗಲೂ ಕೂದಲೆಳೆಯಷ್ಟು ಜಗ್ಗಿ ಹಿಡಿಯುತ್ತಿದ್ದಳು. ಉಸಿರು ಹಿಡಿದವರು ಬಿಡುವ ಮುನ್ನ ತಡೆಯುವ ಹಾಗೆ. ಕಿವಿಯೊಳಗಿನ ಎಣಿಕೆ ತಡೆಯಲಿಲ್ಲ, ಮುಂದಿನ ಸುತ್ತಿನ ಒಂದಕ್ಕೆ ಹೋಗಿಯೇ ಬಿಟ್ಟಿತು. ಅದರ ಬಾಲ ಹಿಡಿದು ಅವನೂ ಹೋದ. ಅವಳು ಎಡವಿ ಓಡಿ ಬಂದು ಸೇರಿಕೊಂಡಳು.

"ಪರವಾಗಿಲ್ಲ ಮಾವ, ಇವತ್ತು ನಾನು ಎಳೆಯಲ್ಲ. ಸೀದಾ ನುಡಿಸ್ತೀನಿ" ಎಂದು ನಕ್ಕಳು. ನಗು ತುಟಿಯಿಂದ ಮೇಲೆ ಹತ್ತಲಿಲ್ಲ.

ಅವನು ಅವಳ ಬೆರಳುಗಳನ್ನೇ ನೋಡಿದ. ಐದು ಮುಗಿದ ಮೇಲೆ ಮುಂದೇನೆಂದು ಕಾಣದ ಆ ಕತ್ತಲು ಇದ್ದಲ್ಲೇ ಇತ್ತು. ಕಿವಿಯಿಂದ ತೆಗೆದು ವೈರು ಸುತ್ತತೊಡಗಿದ. ಸುತ್ತಿದ್ದು ಎರಡು ಸಲ ಬಿಚ್ಚಿಹೋಯಿತು.

"ಬೇಡಪ್ಪ. ಇದು ಅವಳಿಗೋಸ್ಕರ ಕಾಯಲ್ಲ."

"ತಪ್ಪಿದ್ರೆ?"

"ತಪ್ಪಬಹುದು. ಹೆದರಿಕೆ ಆಗ್ತಿದೆ" ಎಂದು ವೈರನ್ನು ಸೌಂಡಿನವನ ಜೇಬಿಗೇ ತುರುಕಿದ. "ಆದ್ರೂ ನೀನಿದನ್ನ ಇಟ್ಕೋ."