ಕರ್ನಲ್ ಬರೆದುಕೊಳ್ಳದ ಮಾತು

ನಿಂತಾಗಲೆಲ್ಲ ಕರ್ನಲ್ ಅವರ ಹೆಬ್ಬೆರಳು ಪ್ಯಾಂಟಿನ ಪಕ್ಕದ ಹೊಲಿಗೆಯ ಮೇಲೆ ನೇರವಾಗಿ ಕೂತಿರುತ್ತಿತ್ತು. ಗಲ್ಫಿನ ಶುವೈಖಿನಲ್ಲಿದ್ದ ನಮ್ಮ ಗೋದಾಮಿನ ಗೇಟಿನಲ್ಲಿ, ಜುಲೈ ತಿಂಗಳ ಬಿಸಿಲಿಗೆ ಡಾಂಬರು ಮೆತ್ತಗಾದಾಗಲೂ, ಆ ಬೆರಳು ಕದಲುತ್ತಿರಲಿಲ್ಲ. ಎರಡೂ ಕೈಗಳದ್ದೋ ಒಂದೇ ಕೈಯದೋ ಎಂದು ಯಾರಾದರೂ ಕೇಳಿದರೆ ಈಗ ಆಣೆ ಮಾಡಿ ಹೇಳಲಾರೆ.

ಫಿಲಿಪೀನ್ಸಿನ ಪೊಲೀಸ್ ಇಲಾಖೆಯಲ್ಲಿ ಸಾಮಾನ್ಯ ಪೇದೆಯಾಗಿ ಸೇರಿ ಕರ್ನಲ್ ಆಗಿ ನಿವೃತ್ತರಾದವರು. ಮಗಳು ಇಲ್ಲಿ ನರ್ಸ್, ಸಾಲ್ಮಿಯಾದಲ್ಲಿ ಮನೆ. ಹೆಂಡತಿ ಮಾತ್ರ ಊರು ಬಿಟ್ಟು ಬಂದಿರಲಿಲ್ಲ. ನಮ್ಮ ಕಂಪನಿಗೆ ಅವರು ಸೆಕ್ಯುರಿಟಿ ಇನ್‌ಚಾರ್ಜ್. ನಾನು ಸ್ಟೋರ್ ಕೀಪರ್. ಎಲ್ಲರೂ ಅವರನ್ನು ಕರ್ನಲ್ ಎಂದೇ ಕರೆಯುತ್ತಿದ್ದೆವು, ಅರ್ಧ ಗೌರವಕ್ಕೆ, ಅರ್ಧ ತಮಾಷೆಗೆ.

ಮಧ್ಯಾಹ್ನ ಒಟ್ಟಿಗೆ ಊಟ. ನನ್ನ ಒಣಮೀನಿನ ಚಟ್ನಿ ಅವರಿಗೆ, ಅವರ ವಿನೆಗರ್ ಹಾಕಿದ ಕೋಳಿ ನನಗೆ. "ನಿಮ್ಮ ಊರಿನಲ್ಲೂ ಪೊಲೀಸರಿಗೆ ಮೀನು ಪುಕ್ಕಟೆಯಾ ಸರ್?" ಎಂದು ಕೇಳಿದ್ದರು ಒಮ್ಮೆ. "ದೊಡ್ಡ ಮೀನು ಮಾತ್ರ," ಎಂದೆ. ತುಂಬ ನಕ್ಕರು. ತಮ್ಮ ನೌಕರಿಯ ಕಥೆಯನ್ನು ದ್ವೀಪದಿಂದ ದ್ವೀಪಕ್ಕೆ ಹೇಳುತ್ತಿದ್ದರು: ಇಲ್ಲಿ ಚಂಡಮಾರುತ, ಅಲ್ಲಿ ಮುಳುಗಿದ ದೋಣಿ, ಇನ್ನೊಂದು ಕಡೆ ಬಡ್ತಿ. ಆ ಕಥೆಗಳಲ್ಲಿ ಒಬ್ಬ ಕೈದಿಯೂ ಬರುತ್ತಿರಲಿಲ್ಲ. ನನಗದು ಆಗ ಹೊಳೆದಿತ್ತೋ, ಆಮೇಲೆ ನಾನೇ ಸೇರಿಸಿಕೊಂಡೆನೋ.

ಗೋದಾಮಿನಿಂದ ಎ.ಸಿ.ಯ ತಾಮ್ರದ ಸುರುಳಿಗಳು ಕಾಣೆಯಾದವು. ಆ ಪಾಳಿಯಲ್ಲಿ ಬೀಗದ ಕೈ ಇದ್ದದ್ದು ಕೊಪ್ಪಳ ಕಡೆಯ ಒಬ್ಬ ಲೋಡರ್ ಹುಡುಗನ ಹತ್ತಿರ. ಮ್ಯಾನೇಜರ್ ನಮ್ಮ ಮಂಗಳೂರಿನವರೇ; ಅವರ ಮೇಲೆ ಕಫೀಲ್, ಎಂದರೆ ಕಂಪನಿಯ ಅರಬ್ ಮಾಲೀಕ.

"ಕಫೀಲ್ ನನ್ನ ತಲೆ ತಿಂತಿದ್ದಾನೆ ಮಾರಾಯ್ರೆ. ಕರ್ನಲ್ ಕೇಳಲಿ, ನೀವು ಕೂತು ಭಾಷೆ ಹೇಳಿ. ಅವ ಒಪ್ಪಿದ್ರೆ ಬರೆಸಿಕೊಂಡು ಸ್ಟೇಷನ್ನಿಗೆ. ಸಂಜೆಗೆ ಖಲಾಸ್ ಆಗ್ಬೇಕು."

ಒಪ್ಪಿಕೊಂಡರೆ ಆ ಹುಡುಗನಿಗೆ ಜೈಲು, ಆಮೇಲೆ ಗಡೀಪಾರು. ಇದು ವಿಚಾರಣೆಗೆ ಕೋಣೆಯಲ್ಲಿ ಕೂತ ನಮ್ಮ ಮೂವರಿಗೂ ಗೊತ್ತಿತ್ತು.

ಕರ್ನಲ್ ಅವನಿಗೆ ಚಹಾ ತರಿಸಿದರು. ದನಿ ಏರಿಸಲಿಲ್ಲ. ಕೇಳಿದ್ದನ್ನೇ ಕೇಳಿದರು, ಹಿಂದಿನಿಂದ, ಮಧ್ಯದಿಂದ, ಮತ್ತೆ ಮೊದಲಿನಿಂದ. ಯಾರ ಹತ್ತಿರ ಮಾತಾಡಿದೆ, ಬೀಗ ಯಾವಾಗ ಹಾಕಿದೆ, ತಾಯಿ ಹೇಗಿದ್ದಾಳೆ, ಬೀಗ ಯಾವಾಗ ಹಾಕಿದೆ. ನಾನು ಅತ್ತಿಂದಿತ್ತ ಮಾತು ಸಾಗಿಸುತ್ತಿದ್ದೆ. ಹುಡುಗ ಮೊದಲು ಸಿಟ್ಟಾದ, ಆಮೇಲೆ ಅತ್ತ, ಆಮೇಲೆ ಬರೀ ನೆಲ ನೋಡಿದ. ಕೊನೆಗೆ ಚಹಾದ ಲೋಟ ಕೆಳಗಿಟ್ಟು ಹೇಳಿದ:

"ಆತು ಬಿಡ್ರಿ ಸರ. ನಾನಾ ಕದ್ದೀನಿ ಅಂತ ಬರ್ಕೊಳ್ರಿ."

ನಾನು ಇಂಗ್ಲಿಷಿಗೆ ಬಾಯಿ ತೆರೆದೆ. ಕರ್ನಲ್ ಅಂಗೈ ಎತ್ತಿ ನನ್ನನ್ನು ತಡೆದರು.

"ಹೇಳಬೇಡಿ ಸರ್."

"ನಿಮಗೆ ಅರ್ಥವಾಯಿತಾ?"

"ಭಾಷೆ ಅರ್ಥವಾಗಲಿಲ್ಲ. ದನಿ ಗೊತ್ತು. ಸಾಕಾಗಿ ಒಪ್ಪಿಕೊಳ್ಳುವವನ ದನಿ. ಈ ದನಿಯಿಂದಲೇ ನಾನು ಕರ್ನಲ್ ಆದದ್ದು. ನೀವು ಹೇಳಿದರೆ ನಾನು ಬರೆದುಕೊಳ್ಳುತ್ತೇನೆ. ನನಗೆ ಬರೆಯದೆ ಇರಲು ಬರುವುದಿಲ್ಲ."

ಹುಡುಗನನ್ನು ಕೆಲಸಕ್ಕೆ ಕಳಿಸಿದರು. ಮ್ಯಾನೇಜರ್ ಬಳಿ ಹೋಗಿ, ಗೇಟು ನನ್ನದು, ಹೋದದ್ದು ನನ್ನ ಗೇಟಿನಿಂದ, ಮಾಲೀಕರಿಗೆ ನನ್ನ ಹೆಸರು ಹೇಳಿ ಎಂದರು.

"ಈ ಅಜ್ಜನಿಗೆ ಮರ್ಲಾ, ತಲೆ ಸರಿ ಇಲ್ವಾ?" ಮ್ಯಾನೇಜರ್ ನನ್ನತ್ತ ತಿರುಗಿದರು. "ಆ ಹುಡುಗ ಕಡೆಗೆ ಎಂತ ಹೇಳಿದ?"

"ಎಂತ ಇಲ್ಲ. ಅತ್ತ."

ಕರ್ನಲ್ ಕೆಲಸ ಹೋಯಿತು, ಇಲ್ಲಿರಲು ಬೇಕಾದ ಇಕಾಮಾ ರದ್ದಾಯಿತು. ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ನೀವು ಒಳ್ಳೆಯ ಕೆಲಸ ಮಾಡಿದಿರಿ ಎಂದು ದಾರಿಯಲ್ಲಿ ಹೇಳಿದಾಗ ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಹಾಗೆ ನೆನಪಿಟ್ಟುಕೊಳ್ಳಬೇಡಿ ಸರ್. ಆ ದನಿ ನನಗೆ ಮೊದಲೂ ಗೊತ್ತಿತ್ತು. ಗೊತ್ತಿದ್ದೂ ಬರೆದುಕೊಂಡೆ."

ಎಷ್ಟು ಸಲ ಎಂದು ನಾನು ಕೇಳಲಿಲ್ಲ. ಸುರುಳಿಗಳು ಸಿಗಲಿಲ್ಲ. ಹುಡುಗ ಇಲ್ಲೇ ಇದ್ದಾನೆ. ಕದ್ದಿದ್ದನೋ ಇಲ್ಲವೋ ನನಗೆ ತಿಳಿಯದು. ಕರ್ನಲ್ ಕೇಳಿದ ದನಿ ಸುಳ್ಳು ಒಪ್ಪಿಗೆಯದೇ ಎಂದು ಒಂದು ದಿನ ಅನ್ನಿಸುತ್ತದೆ, ಮರುದಿನ ಅನ್ನಿಸುವುದಿಲ್ಲ.

ಈ ವರ್ಷ ಅವರು ತೀರಿಕೊಂಡರು. ಮಣ್ಣು ಮಾಡಲು ಊರಿಗೆ ಹೋದ ಮಗಳು ಅಲ್ಲಿಂದಲೇ ಫೋನ್ ಮಾಡಿದ್ದಳು. ಬ್ಯಾಂಡು, ಬಂದೂಕಿನ ಗೌರವ ಎಲ್ಲ ಆಯಿತು ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಸರ್, ಆ ದಿನ ರೂಮಿನಲ್ಲಿ ನೀವೂ ಇದ್ದಿರಿ. ಅಪ್ಪ ಆ ಹುಡುಗನಿಗೆ ಹೊಡೆದರಾ?"

"ಇಲ್ಲ."

"ಕೈ ಎತ್ತಲೂ ಇಲ್ಲವಾ?"

"ಎತ್ತಿದರು. ನನ್ನ ಕಡೆಗೆ. ಹುಡುಗ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳದಂತೆ."

"ಇದನ್ನು ನಾನು ಹೇಳಿದರೆ ಅಮ್ಮ ನಂಬುವುದಿಲ್ಲ," ಎಂದಳು. "ಇಲ್ಲೇ ಕೂತಿದ್ದಾರೆ. ನೀವೇ ಹೇಳಿ."

ಫೋನು ಕೈ ಬದಲಾಯಿತು. ಕರ್ನಲ್ ಹುಡುಗನಿಗೆ ಚಹಾ ತರಿಸಿದಲ್ಲಿಂದ ನಾನು ಶುರುಮಾಡಿದೆ.